ಯುದ್ಧದ ಹೊತ್ತಲ್ಲಿ ಸಿನಿಮಾ ಹಾಡು ಯಾಕೆ ಬೇಕು?

ನಮಸ್ಕಾರ ಎಲ್ಲರಿಗೂ. 2025ರ ಮೇ ತಿಂಗಳು ನೆನಪಿದೆ ಅಲ್ವಾ? ಆಪರೇಷನ್ ಸಿಂಧೂರದ ದಿನಗಳು. ದಾಳಿಯಾದರೆ ಏನು ಮಾಡಬೇಕು ಎಂಬ ತಾಲೀಮಿನ, ಅಂದರೆ ಮಾಕ್ ಡ್ರಿಲ್‌ನ ಪಟ್ಟಿಯಲ್ಲಿ ಕರ್ನಾಟಕದಿಂದ ಬೆಂಗಳೂರು, ರಾಯಚೂರು, ಜೊತೆಗೆ ನಮ್ಮ ಕಾರವಾರ. ಇಲ್ಲಿ ಕದಂಬ ನೌಕಾನೆಲೆ, ಅಲ್ಲಿ ಕೈಗಾ ಅಣುಸ್ಥಾವರ. ಹೆಸರು ಬರದಿದ್ದರೇ ಆಶ್ಚರ್ಯ. ಆದರೆ ನಮ್ಮನೆಯಲ್ಲಿ ನಿದ್ದೆ ಕೆಡಿಸಿದ್ದು ಆ ಪಟ್ಟಿಯಲ್ಲ, ಟಿವಿ. ಸುದ್ದಿಯ ಹಿಂದೆ ಒಂದೇ ಸಮನೆ ಸೈರನ್ನು. ಹೀಗೆ ಸುಮ್ನೆ ಬಾರಿಸುತ್ತಿದ್ದರೆ ನಿಜವಾದ ಸೈರನ್ನಿಗೆ ಜನ ಕಿವಿಗೊಡುವುದಿಲ್ಲ, ನಿಲ್ಲಿಸಿ ಎಂದು ಕೊನೆಗೆ ಸರ್ಕಾರವೇ ಚಾನೆಲ್‌ಗಳಿಗೆ ಹೇಳಬೇಕಾಯಿತು.

ಆಗ ನನಗೆ ಅಜ್ಜಿಯ ರೇಡಿಯೊ ನೆನಪಾಯಿತು.

ಅಜ್ಜಿಯ ಮನೆ ಸದಾಶಿವಗಡದಲ್ಲಿ. 1971ರಲ್ಲಿ ಅವಳ ಮೈದುನ, ಅಂದರೆ ನನ್ನ ಚಿಕ್ಕಜ್ಜ, ಸೈನ್ಯದಲ್ಲಿದ್ದರು. ಎಲ್ಲಿದ್ದಾರೆ ಎಂದು ಮನೆಯವರಿಗೆ ಗೊತ್ತಿಲ್ಲ. ವಿಳಾಸದಲ್ಲಿ ಊರಿನ ಹೆಸರೇ ಇಲ್ಲ, ‘56 ಎಪಿಒ’ ಎಂಬ ಸೈನ್ಯದ ಅಂಚೆ ಕಚೇರಿಯ ನಂಬರು ಅಷ್ಟೇ. ಸಂಜೆ ವಿವಿಧ ಭಾರತಿಯಲ್ಲಿ ‘ಜಯಮಾಲಾ’ ಬರುತ್ತಿತ್ತು. ಫೌಜಿ ಭಾಯಿಗಳು ಪತ್ರ ಬರೆದು ಕೇಳಿದ ಸಿನಿಮಾ ಹಾಡುಗಳು. ಹಾಡಿಗೆ ಮೊದಲು ಅವರ ಹೆಸರು ಓದುತ್ತಿದ್ದರು. ಅಜ್ಜಿಗೆ ಹಿಂದಿ ಅಷ್ಟಕ್ಕಷ್ಟೆ. ಹೆಸರು ಓದುವಾಗ ಮಾತ್ರ ಸಾರಿನೊಳಗೆ ಸೌಟು ನಿಲ್ಲುತ್ತಿತ್ತಂತೆ. ಹಾಡು ಶುರುವಾದರೆ ಮತ್ತೆ ಕಲಕುವುದು. ಸೆಲ್ಲು ವೀಕಾದರೆ ಅಂಗಳದಲ್ಲಿ ಒಣಮೀನಿನ ಪಕ್ಕ ಬಿಸಿಲಿಗಿಟ್ಟು, ಸಂಜೆಗೆ ಸಾಕಾಗುವಷ್ಟು ಜೀವ ಬರಿಸುವುದು. ಇಷ್ಟೆಲ್ಲ ಮಾಡಿದರೂ ಚಿಕ್ಕಜ್ಜನ ಹೆಸರು ಒಮ್ಮೆಯೂ ಬರಲಿಲ್ಲ. ರಜೆಗೆ ಬಂದಾಗ ಕೇಳಿದರೆ, “ನಾನು ಪತ್ರನೇ ಬರೆದಿರಲಿಲ್ಲ ವೈನಿ” ಅಂದರಂತೆ! (ವೈನಿ ಅಂದರೆ ಅತ್ತಿಗೆ.)

ಗಡಿಯಲ್ಲಿ ಗುಂಡು ಹಾರುವಾಗ ಸಿನಿಮಾ ಹಾಡು ಬೇಕಾ ಎಂದು ಕೇಳುವವರು ಈಗಲೂ ಇದ್ದಾರೆ, ಆಗಲೂ ಇದ್ದರು. ಎರಡನೇ ಮಹಾಯುದ್ಧದಲ್ಲಿ ಬಿಬಿಸಿಯಲ್ಲಿ ವೆರಾ ಲಿನ್ ಎಂಬ ಗಾಯಕಿ ಹಾಡುತ್ತಿದ್ದರು. 1941ರಲ್ಲಿ ಶುರುವಾದ ಅವರ ಕಾರ್ಯಕ್ರಮ ಮನೆಯಿಂದ ಬಂದ ಕಾಗದದ ಹಾಗೆ. ಆಸ್ಪತ್ರೆಗೆ ಹೋಗಿ ಬಾಣಂತಿಯನ್ನು ಮಾತಾಡಿಸುವುದು, ದೂರದೇಶದಲ್ಲಿರುವ ಗಂಡನಿಗೆ ಮಗು ಹುಟ್ಟಿದ ಸುದ್ದಿಯನ್ನು ರೇಡಿಯೊದಲ್ಲೇ ಮುಟ್ಟಿಸುವುದು. ಅಧಿಕಾರದಲ್ಲಿದ್ದ ದೊಡ್ಡವರಿಗೆ ಸಿಟ್ಟು ಬಂತು. ಇಂಥ ಅಳುಮುಂಜಿ ಹಾಡು ಕೇಳಿದರೆ ಸಿಪಾಯಿ ಮೆತ್ತಗಾಗುತ್ತಾನಂತೆ. 1942ರಲ್ಲಿ ಬಿಬಿಸಿ ಅಂಥ ಹಾಡುಗಳನ್ನು ಸೋಸಲು ಸಮಿತಿಯನ್ನೇ ಮಾಡಿತು. 1944ರಲ್ಲಿ ವೆರಾ ಲಿನ್ ಬರ್ಮಾ ಕಡೆಯ ಸೈನಿಕರ ಹತ್ತಿರವೇ ಬಂದು ಹಾಡಿದರು. ಅದೇ ವರ್ಷ ಇಂಫಾಲ, ಕೊಹಿಮಾದಲ್ಲಿ ಜಪಾನಿಯರನ್ನು ಹಿಂದಕ್ಕಟ್ಟಿದ್ದು ಆ ಸೈನ್ಯವೇ. ಮೆತ್ತಗಾಗಿದ್ದು ಎಲ್ಲಿ ಬಂತು?

ಆ ಯುದ್ಧದ ಸೈನಿಕರಿಗಾಗಿ ಕೊಲಂಬೊದಲ್ಲಿ ರೇಡಿಯೊ ಸಿಯಾಕ್ ಎಂಬ ಕೇಂದ್ರ ಇತ್ತು. ಯುದ್ಧ ಮುಗಿದ ಮೇಲೆ ಅದು ಸಿಲೋನ್ ಸರ್ಕಾರದ ಕೈಗೆ ಬಂತು. ಅದೇ ನಮ್ಮ ರೇಡಿಯೊ ಸಿಲೋನ್! ಆಕಾಶವಾಣಿ ಸಿನಿಮಾ ಹಾಡನ್ನು ದೂರ ಇಟ್ಟಾಗ ಕೇಳುಗರೆಲ್ಲ ಅಲ್ಲಿನ ಹಿಂದಿ ಸಿನಿಮಾ ಹಾಡಿನ ಕಾರ್ಯಕ್ರಮ ಬಿನಾಕಾ ಗೀತಮಾಲಾ ಎಂದು ಅತ್ತ ಓಡಿದರು. ಅವರನ್ನು ವಾಪಸ್ ಕರೆತರಲು 1957ರಲ್ಲಿ ವಿವಿಧ ಭಾರತಿ ಹುಟ್ಟಿತು. ಅಜ್ಜಿಯ ಜಯಮಾಲಾದ ಬೇರು ಹಿಡಿದು ಹೋದರೆ ಸಿಪಾಯಿಗಳ ರೇಡಿಯೊ ಸಿಗುತ್ತದೆ.

ಆಗಿನ ರೇಡಿಯೊದಲ್ಲಿ ಪ್ರಚಾರ ಇರಲಿಲ್ಲ ಅಂತ ನಾನು ಹೇಳುತ್ತಿಲ್ಲ. ಬೇಕಾದಷ್ಟಿತ್ತು. ಆದರೆ ಮನೆಯಲ್ಲಿ ಕಾಯುತ್ತಾ ಕೂತವರೂ ಕೇಳುತ್ತಾರೆ ಎಂಬ ಪರಿವೆ ಅದಕ್ಕಿತ್ತು. ನಮ್ಮ ಟಿವಿಗೆ ಅದಿಲ್ಲ. ಮೇ ತಿಂಗಳ ಒಂದು ರಾತ್ರಿ, ನೌಕಾಪಡೆ ಕರಾಚಿ ಬಂದರನ್ನೇ ಉಡಾಯಿಸಿತು ಎಂದು ಕೆಲವು ಚಾನೆಲ್‌ಗಳು ಕೂಗಿದವು. ಹಾಗೆ ಆಗಿರಲೇ ಇಲ್ಲ. ಗಂಡ ಹಡಗಿನಲ್ಲಿದ್ದಾನೆ, ಫೋನ್ ಹತ್ತುತ್ತಿಲ್ಲ. ಇಲ್ಲೇ ನೌಕಾನೆಲೆಯ ಅರ್ಗಾ ಕಡೆ ಮಕ್ಕಳನ್ನು ಮಲಗಿಸಿ ಒಬ್ಬಳೇ ಕೂತವಳು ಅದನ್ನು ಹೇಗೆ ಕೇಳಿರಬೇಕು? ಅವಳಿಗೆ ಬೇಕಾಗಿದ್ದು ಒಂದು ಹಾಡು, ಒಂದು ಹೆಸರು.

ಆ ವಾರ ಚಿಕ್ಕಜ್ಜನನ್ನು ನೋಡಲು ಹೋಗಿದ್ದೆ. ಟಿವಿಯ ಸೌಂಡ್ ಪೂರ್ತಿ ತೆಗೆದು, ಮೊಬೈಲಲ್ಲಿ ವಿವಿಧ ಭಾರತಿ ಹಾಕಿಕೊಂಡಿದ್ದರು. “ಈಗಲಾದ್ರೂ ಒಂದು ಪತ್ರ ಬರೀರಿ ಚಿಕ್ಕಜ್ಜ” ಅಂದೆ.

“ಬರೆದ್ರೂ ಕೇಳೋಕೆ ವೈನಿ ಇಲ್ವಲ್ಲೋ” ಅಂದರು.