ಚಂಡೆಯ ಸದ್ದು ಶಾರ್ಜಾ ಮುಟ್ಟುವ ದಾರಿ

ಕೇಳುಗರೆಲ್ಲರಿಗೂ ನಮಸ್ಕಾರ.

ಮೂರು ವರ್ಷದ ಹಿಂದೆ ಕಿನ್ನಿಗೋಳಿ ಹತ್ತಿರ ನಮ್ಮ ಕುಟುಂಬದ ಹರಕೆ ಆಟ, ಅಂದರೆ ಹರಕೆಯ ಯಕ್ಷಗಾನ ಇತ್ತು. ದೇವಿ ಮಹಾತ್ಮೆ. ಕೊಯ್ಲಾದ ಗದ್ದೆಯಲ್ಲಿ ರಂಗಸ್ಥಳ, ಬದಿಯಲ್ಲಿ ಚರುಮುರಿಯ ಗಾಡಿ. ಶಾರ್ಜಾದಲ್ಲಿರುವ ಅತ್ತೆಗೆ, ಡೊಂಬಿವಲಿಯ ಚಿಕ್ಕಪ್ಪನ ಮನೆಯವರಿಗೆ ಬರಲಿಕ್ಕೆ ಆಗಿರಲಿಲ್ಲ. ಅವರಿಗಾಗಿ ಲೈವ್ ಮಾಡುವ ಕೆಲಸ ನನ್ನದು. ಮಧ್ಯಾಹ್ನ ಅದೇ ಗದ್ದೆಯಲ್ಲಿ ನಿಂತು ಡಾಂಗಲ್, ಅಂದರೆ ಸಿಮ್ ಹಾಕಿ ಲ್ಯಾಪ್‌ಟಾಪ್‌ಗೆ ನೆಟ್ ಕೊಡುವ ಸಣ್ಣ ಸಾಧನ ಹಾಕಿ ನೋಡಿದಾಗ ಅಪ್‌ಲೋಡ್, ಅಂದರೆ ನಮ್ಮಿಂದ ಮೇಲೆ ಕಳಿಸುವ ವೇಗ, 8 ಎಂಬಿಪಿಎಸ್ (ಸೆಕೆಂಡಿಗೆ 8 ಮೆಗಾಬಿಟ್) ಇತ್ತು. ಧಾರಾಳ ಆಯ್ತು ಅಂದುಕೊಂಡೆ.

ರಾತ್ರಿ ಮಹಿಷಾಸುರನ ಪ್ರವೇಶ. ಆಟ ನೋಡುವವರಿಗೆ ಗೊತ್ತು, ಅವನು ಜನರ ನಡುವಿನಿಂದ, ದೊಂದಿ ಹಿಡಿದವರ ಜೊತೆ, ರಾಳದ ಪುಡಿಗೆ ಬೆಂಕಿ ಭಗ್ಗೆನ್ನುವಾಗ ಅಬ್ಬರಿಸುತ್ತಾ ಬರುವವನು. ಸರಿಯಾಗಿ ಆ ಹೊತ್ತಿಗೆ ನನ್ನ ಫೋನ್ ರಿಂಗಾಯಿತು. ಅತ್ತೆ. "ಎಂತದಾ ಇದು? ಚಂಡೆಯೂ ಇಲ್ಲ, ಮಹಿಷಾಸುರನೂ ಇಲ್ಲ. ಒಂದು ಚಕ್ರ ತಿರುಗ್ತಾ ಉಂಟು ಅಷ್ಟೆ."

ಆ ಬೇಸರದ ನಡುವೆಯೂ ಒಂದು ವಿಷಯ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಅತ್ತೆಯ ಮಾತು ಪಕ್ಕದಲ್ಲೇ ನಿಂತು ಮಾತಾಡಿದ ಹಾಗೆ ಸ್ಪಷ್ಟವಾಗಿತ್ತು. ವಾಟ್ಸಾಪ್ ಅಲ್ಲ, ಸಾದಾ ಕರೆ. ಫೋನಿಗೂ ಡಾಂಗಲ್‌ಗೂ ಒಂದೇ ಕಂಪನಿಯ ಸಿಮ್, ಅದೇ ಟವರ್. ಕರೆ ಬರುತ್ತದೆ, ವಿಡಿಯೊ ಹೋಗುವುದಿಲ್ಲ. ಯಾಕೆ?

4ಜಿಯಲ್ಲಿ ನಮ್ಮ ಕರೆಯೂ ಉಳಿದ ಡೇಟಾದ ಹಾಗೆ ಪ್ಯಾಕೆಟ್ ಅನ್ನುವ ಸಣ್ಣ ಸಣ್ಣ ಕಟ್ಟುಗಳಾಗಿಯೇ ಹೋಗುತ್ತದೆ. ಆದರೆ ಟವರ್ ಅದಕ್ಕೆ ಬೇರೆ ಸಾಲು ಕೊಡುತ್ತದೆ. 4ಜಿಯ ನಿಯಮದಲ್ಲಿ ದರ್ಜೆಗಳ ಪಟ್ಟಿಯೇ ಇದೆ. ಕರೆಯದು 1ನೇ ನಂಬರ್. ಅದರ ಪ್ಯಾಕೆಟ್ 100 ಮಿಲಿಸೆಕೆಂಡ್ ಒಳಗೆ ಕಂಪನಿಯ ಜಾಲ ದಾಟಬೇಕು, ಇಂತಿಷ್ಟು ವೇಗ ಕೊಡಲೇಬೇಕು ಅಂತ ಖಾತ್ರಿ. ನಮ್ಮ ಸಾಮಾನ್ಯ ನೆಟ್ ಹೆಚ್ಚಾಗಿ 9ನೇ ನಂಬರ್‌ನಲ್ಲಿರುತ್ತದೆ. ಅದಕ್ಕೆ ವೇಗದ ಖಾತ್ರಿ ಇಲ್ಲ, ಉಳಿದದ್ದನ್ನು ಎಲ್ಲರೂ ಹಂಚಿಕೊಳ್ಳಬೇಕು. ಯಾವುದಕ್ಕೆ ಮೊದಲು ದಾರಿ, ಯಾವುದು ಕಾಯಬಹುದು ಅಂತ ಹೀಗೆ ತೀರ್ಮಾನ ಮಾಡುವುದಕ್ಕೇ ಸೇವೆಯ ಗುಣಮಟ್ಟದ ನಿರ್ವಹಣೆ ಅಂತಾರೆ.

ಮಹಿಷಾಸುರ ಬಂದಾಗಲೇ ನಿಂತದ್ದು ಕಾಕತಾಳೀಯ ಅಲ್ಲ. ಭಾಗವತರು ಕೂತು ಹಾಡುವಾಗ ಚಿತ್ರದಲ್ಲಿ ಜಾಸ್ತಿ ಏನೂ ಬದಲಾಗುವುದಿಲ್ಲ, ಕಡಿಮೆ ಡೇಟಾದಲ್ಲಿ ಕೆಲಸ ಆಗುತ್ತದೆ. ಬೆಂಕಿ, ಹೊಗೆ, ಓಡುವ ಜನ, ಕುಣಿಯುವ ಕ್ಯಾಮೆರಾ ಬಂದರೆ ಪ್ರತಿ ಚಿತ್ರವೂ ಹೊಸದು, ಅದನ್ನು ಕುಗ್ಗಿಸಲಿಕ್ಕೆ ಕಷ್ಟ. ನನಗೆ ಜಾಸ್ತಿ ಬೇಕಾದ ಆ ಎರಡು ನಿಮಿಷದಲ್ಲೇ ಗದ್ದೆಯಲ್ಲಿದ್ದ ನೂರಾರು ಮಂದಿ ಫೋನ್ ಎತ್ತಿ ಹಿಡಿದಿದ್ದರು, ಎಷ್ಟೋ ಮಂದಿ ಅವರೂ ಲೈವ್. ಮೊಬೈಲ್ ಜಾಲದಲ್ಲಿ ಕೆಳಗೆ ಬರುವ ದಾರಿ ಅಗಲ, ಮೇಲೆ ಹೋಗುವ ದಾರಿ ಕಿರಿದು. ಅದೂ ಅಲ್ಲದೆ ನಮ್ಮ ಕೈಯ ಫೋನ್ ಹೊರಡಿಸುವ ಶಕ್ತಿ ಸುಮಾರು 0.2 ವ್ಯಾಟ್, ಟವರ್‌ನದ್ದು ಹತ್ತಾರು ವ್ಯಾಟ್. ಮಧ್ಯಾಹ್ನದ 8 ಎಂಬಿಪಿಎಸ್ ಖಾಲಿ ಗದ್ದೆಯದ್ದು ಮಾರಾಯ್ರೆ, ಜನ ತುಂಬಿದ ಗದ್ದೆಯದ್ದಲ್ಲ.

ನೀವು ಈಗ ರೇಡಿಯೊದಲ್ಲಿ ಕೇಳುತ್ತಿದ್ದೀರಿ. ಹತ್ತು ಮನೆಯವರು ಕೇಳಿದರೂ ಹತ್ತು ಸಾವಿರ ಮನೆಯವರು ಕೇಳಿದರೂ ಪ್ರಸಾರದ ಗೋಪುರಕ್ಕೆ ಅಷ್ಟೇ ಕೆಲಸ. ನೆಟ್‌ನಲ್ಲಿ ಸಾಮಾನ್ಯವಾಗಿ ಹಾಗಲ್ಲ, ನೋಡುವ ಒಬ್ಬೊಬ್ಬರಿಗೂ ಒಂದೊಂದು ಪ್ರತಿ ಹೋಗಬೇಕು.

ಮರುವರ್ಷ ನಾನು ಬೇರೆ ದಾರಿ ಹಿಡಿದೆ. ಗದ್ದೆಯ ಪಕ್ಕದಲ್ಲಿ ಭಾವನ ಮನೆ, ಅಲ್ಲಿ ಫೈಬರ್ ಇದೆ. ನಮ್ಮೂರಿನ ಮನೆಗಳಿಗೆ ಬರುವ ಫೈಬರ್‌ನಲ್ಲಿ ಒಂದು ಎಳೆಯನ್ನು ಸಾಮಾನ್ಯವಾಗಿ 32 ಅಥವಾ 64 ಮನೆಗಳು ಹಂಚಿಕೊಳ್ಳುತ್ತವೆ. ಆದರೂ ಟವರ್‌ಗಿಂತ ಎಷ್ಟೋ ಸ್ಥಿರ. ತೊಡಕು ಇದ್ದದ್ದು ಮನೆಯ ಒಳಗೆ. ಕೆಂಪುಕಲ್ಲಿನ ದಪ್ಪ ಗೋಡೆ ದಾಟುವಾಗ 5 ಗಿಗಾಹರ್ಟ್ಸ್ ವೈಫೈ ಸೋತುಹೋಗುತ್ತದೆ. 2.4ರದ್ದು ದಾಟುತ್ತದೆ, ಆದರೆ ಅಲ್ಲಿ ಒಂದಕ್ಕೊಂದು ತಾಗದ ಚಾನೆಲ್ ಮೂರೇ, 1, 6, 11. ಅಕ್ಕಪಕ್ಕದ ಮನೆಯವರೂ ಅದರಲ್ಲೇ. ಹಾಗಾಗಿ ರೂಟರ್‌ನಿಂದ ರಂಗಸ್ಥಳದವರೆಗೆ ಕೇಬಲ್ ಎಳೆದೆ. ಈ ತಾಮ್ರದ ಕೇಬಲ್ 100 ಮೀಟರ್ ದಾಟಬಾರದು, ನಮಗೆ ಎಪ್ಪತ್ತರಲ್ಲಿ ಮುಗಿಯಿತು.

ಇಷ್ಟು ಮಾಡಿದರೂ ಸಂಜೆಯ ಪರೀಕ್ಷೆಯಲ್ಲಿ ಮತ್ತೆ ತಡೆ. ನೋಡಿದರೆ ಮದುವೆಗೆ ಹೋಗಿ ಬಂದಿದ್ದ ಮಕ್ಕಳ ಫೋನ್‌ಗಳು ವೈಫೈ ಸಿಕ್ಕಿದ್ದೇ ತಡ, ಫೋಟೊಗಳನ್ನೆಲ್ಲ ತಾವಾಗಿಯೇ ಮೇಲೆ ಕಳಿಸುತ್ತಿದ್ದವು. ರೂಟರ್ ಒಳಗೆ ಪ್ಯಾಕೆಟ್‌ಗಳ ಉದ್ದ ಸಾಲು, ನನ್ನ ಚಂಡೆ ಆ ಸಾಲಿನ ಬಾಲದಲ್ಲಿ. ಲೈನಿಗೆ ವೇಗ ಇದೆ, ಆದರೆ ಒಂದು ಪ್ಯಾಕೆಟ್ ಬೇಗ, ಇನ್ನೊಂದು ತಡವಾಗಿ. ಈ ಏರುಪೇರಿಗೆ ಜಿಟ್ಟರ್ ಅಂತ ಹೆಸರು. ಲೈವ್‌ಗೆ ನಿಧಾನಕ್ಕಿಂತ ಇದೇ ದೊಡ್ಡ ಶತ್ರು ಅನ್ನುವುದು ನನ್ನ ಅನುಭವ. ರೂಟರ್‌ನ ಸೆಟ್ಟಿಂಗ್‌ನಲ್ಲಿ ಎರಡು ಬದಲಾವಣೆ ಮಾಡಿದೆ. ಒಟ್ಟು ಅಪ್‌ಲೋಡನ್ನು ಲೈನಿನ ವೇಗಕ್ಕಿಂತ ಸ್ವಲ್ಪ ಕೆಳಗೆ ಕಟ್ಟಿಹಾಕಿದೆ, ಆಗ ಸಾಲು ಬೆಳೆಯುವುದಿಲ್ಲ. ನನ್ನ ಲ್ಯಾಪ್‌ಟಾಪ್‌ಗೆ ಮೊದಲ ಸ್ಥಾನ ಕೊಟ್ಟೆ. ಫೋಟೊ ನಾಳೆ ಬೆಳಿಗ್ಗೆ ಹೋದರೂ ಯಾರಿಗೂ ನಷ್ಟ ಇಲ್ಲ, ಅಲ್ವಾ?

ಹಾಗಾದರೆ ಮನೆಯಿಂದ ಶಾರ್ಜಾದವರೆಗೂ ಹೀಗೆ ಮೊದಲ ಸ್ಥಾನ ಸಿಗುತ್ತದಾ? ಇಲ್ಲ. ಪ್ಯಾಕೆಟ್‌ನ ತಲೆಯ ಮೇಲೆ ದರ್ಜೆ ಬರೆಯಲಿಕ್ಕೆ 6 ಬಿಟ್ ಜಾಗ ಇದೆ, 1998ರಲ್ಲೇ ಮಾಡಿದ ನಿಯಮ. ವೈಫೈಯಲ್ಲಿ 2005ರಿಂದ ಧ್ವನಿ, ವಿಡಿಯೊ, ಸಾಮಾನ್ಯ, ಹಿನ್ನೆಲೆ ಅಂತ ನಾಲ್ಕು ಸಾಲು ಇವೆ. 4ಜಿಯ ಪಟ್ಟಿ ಬೇರೆ, 5ಜಿಯದ್ದು ಇನ್ನೊಂದು. ಒಂದು ಜಾಲದ ಗುರುತು ಇನ್ನೊಂದು ಜಾಲದ ಗಡಿಯಲ್ಲಿ ಅಳಿಸಿಹೋಗುವುದೇ ಹೆಚ್ಚು. ನಂತೂರಿನ ಟ್ರಾಫಿಕ್‌ನಲ್ಲಿ ಆಂಬುಲೆನ್ಸ್‌ಗೆ ದಾರಿ ಸಿಗುವುದು ಸೈರನ್‌ನಿಂದ ಅಲ್ಲ, ಉಳಿದವರು ಬದಿಗೆ ಸರಿಯುವುದರಿಂದ. ಇಂಟರ್ನೆಟ್‌ನ ಉದ್ದಕ್ಕೂ ಹಾಗೆ ಸರಿಯುವವರಿಲ್ಲ.

ಅದಕ್ಕೇ ಎರಡು ತುದಿಗಳಲ್ಲಿ ಜಾಣತನ ಬೇಕಾಗುತ್ತದೆ. ನೋಡುವವರ ಕಡೆ ಆ ಕೆಲಸ ಆಗಲೇ ನಡೆಯುತ್ತಿದೆ. ಲೈವ್ ತೋರಿಸುವ ಕಂಪನಿಯವರು ಒಂದೇ ಆಟವನ್ನು ನಾಲ್ಕೈದು ಗುಣಮಟ್ಟದಲ್ಲಿ ಮಾಡಿ, ಕೆಲವೇ ಸೆಕೆಂಡಿನ ತುಂಡುಗಳಾಗಿ ಕತ್ತರಿಸಿ ಇಟ್ಟಿರುತ್ತಾರೆ. ನಿಮ್ಮ ಫೋನಿನ ಪ್ಲೇಯರ್ ಹೋದ ತುಂಡು ಎಷ್ಟು ಬೇಗ ಬಂತು ಅಂತ ಅಳೆದು ಮುಂದಿನದ್ದನ್ನು ಆರಿಸುತ್ತದೆ. ಚಿಕ್ಕಪ್ಪನ ಮಗ ಲೋಕಲ್ ಟ್ರೈನಲ್ಲಿ ನೋಡುವಾಗ ಚಿತ್ರ ಮಸುಕಾದೀತು, ಆದರೆ ಆಟ ನಿಲ್ಲುವುದಿಲ್ಲ. ಇದಕ್ಕೆ ಕೊಡುವ ಬೆಲೆ ಹತ್ತಿಪ್ಪತ್ತು ಸೆಕೆಂಡ್ ತಡ. ಆಟಕ್ಕೆ ಅದು ನಡೆಯುತ್ತದೆ. ವೈದ್ಯರ ಜೊತೆ ವಿಡಿಯೊ ಕರೆಯಲ್ಲಿ ನಡೆಯುವುದಿಲ್ಲ, ಅಲ್ಲಿ ಮಾತು ಒಂದು ಕಡೆಗೆ 150 ಮಿಲಿಸೆಕೆಂಡ್ ಒಳಗೆ ಮುಟ್ಟಿದರೆ ಚೆನ್ನ.

ಕಳಿಸುವ ಕಡೆಯದ್ದು ನಮ್ಮ ಕೈಯಲ್ಲಿದೆ. ಲೈವ್ ಮಾಡುವ ಹುಡುಗರಿಗೆ ನಾನು ಮೊದಲು ಹೇಳುವುದು ಧ್ವನಿ ಉಳಿಸಿ ಅಂತ. ನಾನು ಒಟ್ಟು ಕಳಿಸಿದ್ದು 2.5 ಎಂಬಿಪಿಎಸ್, ಅಂದರೆ 2,500 ಕೆಬಿಪಿಎಸ್, ಲೈನಿನಲ್ಲಿ ಸಿಗುವುದರ ಅರ್ಧವೂ ಅಲ್ಲ. ಅದರಲ್ಲಿ ಧ್ವನಿಗೆ ಹೋಗುವುದು 128 ಕೆಬಿಪಿಎಸ್, ಸುಮಾರು ಇಪ್ಪತ್ತರಲ್ಲಿ ಒಂದು ಪಾಲು. ಅಷ್ಟು ಸಣ್ಣ ಪಾಲಿನಲ್ಲಿ ಭಾಗವತರ ಪದ, ಮದ್ದಳೆ, ಚಂಡೆ, ವೇಷಧಾರಿಗಳ ಮಾತಾದ ಅರ್ಥ ಎಲ್ಲ ಇದೆ. ಚಿತ್ರ ಕೆಟ್ಟರೆ ಕಣ್ಣು ಹೊಂದಿಕೊಳ್ಳುತ್ತದೆ, ಪದ ತುಂಡಾದರೆ ಕಿವಿ ಸಹಿಸುವುದಿಲ್ಲ. ಹಾಗಾಗಿ ಮೈಕುಗಳ ಧ್ವನಿ ಸೇರುವ ಮಿಕ್ಸರ್‌ನಿಂದ ನೇರ ಧ್ವನಿಯನ್ನು ಡಾಂಗಲ್ ಮೂಲಕ ಪ್ರತ್ಯೇಕವಾಗಿಯೂ ಕಳಿಸಿದೆ. ಫೈಬರ್ ಕೈಕೊಟ್ಟರೂ ಆಟ ಕೇಳಲಿಕ್ಕಾದರೂ ಇರಲಿ ಅಂತ.

ಆ ರಾತ್ರಿ ಕೈಕೊಡಲಿಲ್ಲ. ದೊಂದಿಯ ಬೆಳಕಿನಲ್ಲಿ ಮಹಿಷಾಸುರ ಬಂದಾಗ ಚಿತ್ರ ಸ್ವಲ್ಪ ಒಡೆಯಿತು, ಚಂಡೆ ನಿಲ್ಲಲಿಲ್ಲ. ಅತ್ತೆಯ ಫೋನ್ ಬಂದದ್ದು ಮಂಗಳ ಹಾಡಿದ ಮೇಲೆ. ನೆಟ್‌ನ ಸುದ್ದಿಯೇ ಎತ್ತಲಿಲ್ಲ. ಪ್ರಸಾದ ಯಾರ ಕೈಯಲ್ಲಿ ಕಳಿಸ್ತೀ ಅಂತ ಕೇಳಿದರು.

ನಮಸ್ಕಾರ.