ಅಪ್ಪನನ್ನು ಒಳ್ಳೆಯವನನ್ನಾಗಿ ಮಾಡದ ಮಗ

ನಮಸ್ಕಾರ. ತಂದೆಯ ಬಗ್ಗೆ ಮಗ ಸಿನಿಮಾ ಮಾಡಿದರೆ ಅದು ಹೊಗಳಿಕೆಯೇ ಆಗಿರುತ್ತದೆ ಎಂದುಕೊಂಡವರು 2003ರ ‘ಬ್ಯಾಡ್ಯಾಸ್’ ನೋಡಬೇಕು. ಮಾರಿಯೋ ವ್ಯಾನ್ ಪೀಬಲ್ಸ್ ಇದನ್ನು ನಿರ್ದೇಶಿಸಿ, ತಂದೆ, ಅಮೆರಿಕದ ಕಪ್ಪುವರ್ಣೀಯ ನಿರ್ದೇಶಕ ಮೆಲ್ವಿನ್ ಅವರ ಪಾತ್ರವನ್ನೂ ತಾವೇ ಮಾಡಿದ್ದಾರೆ. ಮೆಲ್ವಿನ್ ತಮ್ಮ ‘ಸ್ವೀಟ್ ಸ್ವೀಟ್‌ಬ್ಯಾಕ್ಸ್ ಬ್ಯಾಡ್ಯಾಸ್ ಸಾಂಗ್’ ಚಿತ್ರವನ್ನು ತೆಗೆದ ಕಥೆ ಇದು.

ಹಾಲಿವುಡ್‌ನ ಕೊಲಂಬಿಯಾ ಸ್ಟುಡಿಯೋಗೆ 1970ರಲ್ಲಿ ಒಂದು ಹಾಸ್ಯಚಿತ್ರ ಮಾಡಿಕೊಟ್ಟಿದ್ದ ಮೆಲ್ವಿನ್‌ಗೆ ಅಲ್ಲಿಯೇ ಮುಂದುವರಿಯುವ ದಾರಿ ತೆರೆದಿತ್ತು. ಅವರಿಗೆ ಬೇಕಾಗಿದ್ದದ್ದು ಬೇರೆ: ಬಿಳಿಯ ಪೊಲೀಸರನ್ನು ಹೊಡೆದು ಓಡುವ ಕಪ್ಪುವರ್ಣೀಯ ನಾಯಕ ಕೊನೆಯಲ್ಲಿ ಸಾಯದೆ ಉಳಿಯುವ ಕಥೆ. ಅದಕ್ಕಾಗಿ ಕೈಯಲ್ಲಿದ್ದದ್ದೆಲ್ಲ ಸುರಿದರು. ಹಣ ಸಾಲದಾದಾಗ ಹಾಸ್ಯನಟ ಬಿಲ್ ಕಾಸ್ಬಿ 50,000 ಡಾಲರ್ ಸಾಲ ಕೊಟ್ಟರು. ಕಾರ್ಮಿಕ ಸಂಘದವರು ತಂಟೆಗೆ ಬಾರದಿರಲಿ ಎಂದು, ತೆಗೆಯುತ್ತಿರುವುದು ನೀಲಿಚಿತ್ರ ಎಂದು ಹಬ್ಬಿಸಿದರು. 19 ದಿನಗಳಲ್ಲಿ ಚಿತ್ರೀಕರಣ ಮುಗಿಸಿದರು. ಜಾಹೀರಾತಿಗೆ ಹಣವಿಲ್ಲ, ಆಗಿನ್ನೂ ಹೆಸರು ಮಾಡಿರದ ‘ಅರ್ಥ್, ವಿಂಡ್ ಅಂಡ್ ಫೈರ್’ ತಂಡದ ಹಾಡುಗಳನ್ನು ಮೊದಲೇ ಮಾರುಕಟ್ಟೆಗೆ ಬಿಟ್ಟರು. 1971ರಲ್ಲಿ ಚಿತ್ರ ತೆರೆ ಕಂಡದ್ದು ಎರಡೇ ಚಿತ್ರಮಂದಿರಗಳಲ್ಲಿ, ಡೆಟ್ರಾಯಿಟ್ ಮತ್ತು ಅಟ್ಲಾಂಟಾದಲ್ಲಿ. ಬಳಿಕ ಅದು ಗಳಿಸಿದ್ದು ಕೋಟಿ ಡಾಲರ್‌ಗೂ ಮೀರಿದ ಹಣ.

ಇಷ್ಟೇ ಆಗಿದ್ದರೆ ಇದು ಛಲವಂತನೊಬ್ಬನ ಗೆಲುವಿನ ಕಥೆಯಾಗಿ ಮುಗಿಯುತ್ತಿತ್ತು. ಆದರೆ ಮೂಲ ಚಿತ್ರದ ಆರಂಭದಲ್ಲಿ ವೇಶ್ಯಾಗೃಹದ ಲೈಂಗಿಕ ದೃಶ್ಯವೊಂದಿದೆ. ಅದರಲ್ಲಿರುವ ಹುಡುಗ ಮಾರಿಯೋ. ಆಗ ಅವರಿಗೆ ಕೇವಲ 13 ವರ್ಷ. ಮೂರು ದಶಕಗಳ ನಂತರ ಅದೇ ಮಾರಿಯೋ ತಂದೆಯ ವೇಷದಲ್ಲಿ ನಿಂತು, ತಮ್ಮ ಬಾಲ್ಯದ ಪಾತ್ರ ಮಾಡುತ್ತಿರುವ ಹುಡುಗನನ್ನು ಆ ದೃಶ್ಯಕ್ಕೆ ಇಳಿಸುತ್ತಾರೆ. ತಂದೆಯ ಹಟ ಎಷ್ಟು ದೊಡ್ಡದೋ ಅಷ್ಟೇ ಕ್ರೂರ ಎಂಬುದು ಅಲ್ಲಿ ಮೈಗೆ ತಾಗುತ್ತದೆ. ಮೆಲ್ವಿನ್ ಮಾಡಿದ್ದು ತಪ್ಪು. ಮಹತ್ವದ ಚಿತ್ರ ಹುಟ್ಟಿತು ಎಂಬ ಕಾರಣಕ್ಕೆ ಅದು ಸರಿಯಾಗುವುದಿಲ್ಲ. ಮಗ ಅದನ್ನು ಮುಚ್ಚಿಡುವುದಿಲ್ಲ, ಅದಕ್ಕಾಗಿ ಅಪ್ಪನನ್ನು ಹೀಗಳೆಯುವುದೂ ಇಲ್ಲ. ಸ್ವತಂತ್ರ ಸಿನಿಮಾದವರ ಕಥೆಗಳಲ್ಲಿ ಸಾಲ, ಹಸಿವು, ನಿದ್ದೆಗೆಟ್ಟ ರಾತ್ರಿಗಳು ನಾಯಕನಿಗೇ ಶೋಭೆ ತರುತ್ತವೆ. ಅವನ ಜೊತೆಗಿದ್ದವರು ತೆತ್ತ ಬೆಲೆಯನ್ನು ಲೆಕ್ಕಕ್ಕೆ ತಂದಿರುವುದರಿಂದಲೇ ಈ ಚಿತ್ರ ನನಗೆ ಬಹಳ ಮುಖ್ಯ.

ಒಂದು ತಕರಾರು ಮಾತ್ರ ಉಳಿದಿದೆ. ಮೂಲ ಚಿತ್ರ ಹೆಂಗಸರ ದೇಹವನ್ನು ಬಳಸಿಕೊಂಡ ರೀತಿಯನ್ನು ಮಾರಿಯೋ ಇಷ್ಟೇ ನಿಷ್ಠುರವಾಗಿ ಕೆದಕುವುದಿಲ್ಲ. ತನಗಾದದ್ದನ್ನು ಅಷ್ಟು ಧೈರ್ಯದಿಂದ ತೋರಿಸಿದವರಿಗೆ ಅದು ಅಸಾಧ್ಯವೇನೂ ಆಗಿರಲಿಲ್ಲ.