ಬೇಸಿಗೆಯಲ್ಲಿ ಹೆಣೆಯುವ ಚಳಿಗಾಲದ ಟೊಪ್ಪಿಗೆ

ಕೇಳುಗರಿಗೆಲ್ಲ ನಮಸ್ಕಾರ.

ನಮ್ಮ ಧಾರವಾಡ, ಗದಗ, ಹಾವೇರಿ ಕಡೆ ಕೂಸು ಹುಟ್ಟಿದ ಮನೆಗೆ ಕುಲಾವಿ ಒಯ್ಯುವುದು ಹಳೆಯ ರೂಢಿ. ನಾನು ಹೆಣಿಗೆ ಕಲಿತದ್ದೇ ಅಕ್ಕನ ಮಗಳಿಗೊಂದು ಕುಲಾವಿ ಹೆಣೆಯಲು. ಈಗ ಧಾರವಾಡದ ನಮ್ಮ ಓಣಿಯ ಹನ್ನೆರಡು ಹೆಣ್ಣುಮಕ್ಕಳು ಮಧ್ಯಾಹ್ನದ ಅಡುಗೆ ಮುಗಿಸಿ ಕೂಡಿ ಕೂರುತ್ತೇವೆ. ಟೊಪ್ಪಿಗೆ ಹೆಣೆಯುತ್ತೇವೆ. ಅವು ಹೊರದೇಶಕ್ಕೆ ಹೋಗಬೇಕು ಅನ್ನುವುದು ನಮ್ಮ ಆಸೆ.

ಆ ವ್ಯಾಪಾರ ಹೇಗಿದೆ? ಟೊಪ್ಪಿಗೆ ರಫ್ತಿನಲ್ಲಿ ಚೀನಾ ಎಲ್ಲರಿಗಿಂತ ಮುಂದಿದೆ. ಬಾಂಗ್ಲಾದೇಶ, ವಿಯೆಟ್ನಾಂ ಕೂಡ ರಾಶಿಗಟ್ಟಲೆ ಕ್ಯಾಪ್ ಕಳಿಸುತ್ತವೆ. ನಮ್ಮ ದೇಶದಲ್ಲಿ ಉಣ್ಣೆ ಹೆಣಿಗೆಗೆ ಪಂಜಾಬಿನ ಲುಧಿಯಾನ ಹೆಸರುವಾಸಿ. ನಾವು ಅರ್ಧ ದಿನ ಕೂತು ಹೆಣೆಯುವುದನ್ನು ಅಲ್ಲಿಯ ಯಂತ್ರ ನಿಮಿಷಗಳಲ್ಲಿ ಹೆಣೆದು ಹಾಕುತ್ತದೆ. ಅಗ್ಗದ ಅಕ್ರಿಲಿಕ್ ಟೊಪ್ಪಿಗೆಯಲ್ಲಿ ಅವರ ಜೊತೆ ಪೈಪೋಟಿಗಿಳಿದರೆ ನಮಗೆ ನೂಲಿನ ದುಡ್ಡೂ ಹುಟ್ಟುವುದಿಲ್ಲ.

ಕ್ರೋಶಾದ ಮಾತು ಬೇರೆ. ಎರಡು ಸೂಜಿಯ ಹೆಣಿಗೆ ಯಂತ್ರಕ್ಕೆ ಬರುತ್ತದೆ. ಒಂದೇ ಕೊಕ್ಕೆ ಸೂಜಿಯಿಂದ ಹಾಕುವ ಕ್ರೋಶಾ ಕಾರ್ಖಾನೆಯ ಯಂತ್ರಕ್ಕೆ ಇನ್ನೂ ಬಂದಿಲ್ಲ. ಅಂಗಡಿಯಲ್ಲಿ ನಿಜವಾದ ಕ್ರೋಶಾ ಟೊಪ್ಪಿಗೆ ಕಂಡರೆ, ಅದನ್ನು ಯಾರೋ ಕೈಯಲ್ಲೇ ಹೆಣೆದಿದ್ದಾರೆ. ಅದು ತೀರಾ ಅಗ್ಗವಾಗಿದ್ದರೆ ಆ ಕೈಗೆ ಏನು ಸಿಕ್ಕಿರಬಹುದು, ಯೋಚಿಸಿ. ನಮಗೆ ಮೊದಲು ಬಂದ ವ್ಯಾಪಾರಿ ಒಂದು ಟೊಪ್ಪಿಗೆಗೆ 150 ರೂಪಾಯಿ ಹೇಳಿದ. ನೂಲಿಗೇ 110 ಬೇಕು. ಐದು ತಾಸಿನ ಕೆಲಸ. ಉಳಿದ 40 ರೂಪಾಯಿಯನ್ನು ಐದರಿಂದ ಭಾಗಿಸಿದರೆ ತಾಸಿಗೆ 8 ರೂಪಾಯಿ! ನಾವು ಒಲ್ಲೆ ಅಂದೆವು. ಹೇಗೂ ಮನೆಯಲ್ಲಿ ಸುಮ್ನೆ ಕೂತಿರುತ್ತೀರಲ್ಲ ಅಂತ ಅವನು ಅಂದದ್ದು ನನಗೆ ಇನ್ನೂ ನೋವು ಕೊಡುತ್ತದೆ.

ಸುಂಕದ ಲೆಕ್ಕದಲ್ಲೂ ಈ ಕೈಕೆಲಸ ಕಾಣುವುದಿಲ್ಲ. ಯಂತ್ರದ ಹೆಣಿಗೆ, ಕೈಯ ಕ್ರೋಶಾ, ಬಟ್ಟೆ ಕತ್ತರಿಸಿ ಹೊಲಿದ ಕ್ಯಾಪ್ ಎಲ್ಲವೂ 6505 ಅನ್ನುವ ಒಂದೇ ಸಂಖ್ಯೆಯೊಳಗೆ. ಹಾಗಾಗಿ ಕೈಯಲ್ಲಿ ಮಾಡಿದ್ದು ಅಂತ ನಾವೇ ಹೇಳಬೇಕು, ಬೆಲೆಯಲ್ಲೂ ತೋರಿಸಬೇಕು. ಆಂಧ್ರದ ನರಸಾಪುರದ ಹೆಣ್ಣುಮಕ್ಕಳ ಕ್ರೋಶಾ ಲೇಸಿಗೆ 2024ರಲ್ಲಿ ಜಿಐ ಗುರುತು, ಅಂದರೆ ಇದು ಆ ಊರಿನದೇ ಸರಕು ಅನ್ನುವ ಸರ್ಕಾರಿ ಮಾನ್ಯತೆ, ಸಿಕ್ಕಿತು. ಅಂಥ ಹೆಸರು ಇದ್ದರೆ ಚೌಕಾಸಿಯಲ್ಲಿ ಬೆನ್ನು ನೆಟ್ಟಗಾಗುತ್ತದೆ, ಅಲ್ವಾ?

ನಮ್ಮ ತಪ್ಪನ್ನೂ ಹೇಳುತ್ತೇನೆ. ಮೊದಲ ಸಲ 40 ಟೊಪ್ಪಿಗೆ ಕೊಟ್ಟೆವು. ನೂಲು ಒಂದೇ, ಸೂಜಿ ಒಂದೇ, ಹಾಕಿದ ಮನೆಗಳ, ಅಂದರೆ ನೂಲಿನ ಕುಣಿಕೆಗಳ, ಎಣಿಕೆಯೂ ಒಂದೇ. ಅಳೆದು ನೋಡಿದರೆ ಮೂರು ಅಳತೆ! ಒಬ್ಬಳ ಕೈ ಬಿಗಿ, ಇನ್ನೊಬ್ಬಳದು ಸಡಿಲ. 17 ವಾಪಸ್ ಬಂದವು. ಈಗ ಮೊದಲು ಅಂಗೈಯಗಲದ ತುಂಡೊಂದನ್ನು ಹೆಣೆಯುತ್ತೇವೆ. 10 ಸೆಂಟಿಮೀಟರಿಗೆ ಎಷ್ಟು ಮನೆ ಬಂತು ಅಂತ ಎಣಿಸಿ, ಬಿಗಿ ಕೈಯವಳಿಗೆ ಒಂದು ನಂಬರ್ ದಪ್ಪ ಸೂಜಿ ಕೊಡುತ್ತೇವೆ. ಇಷ್ಟೇ ಉಪಾಯ. ಇದನ್ನು ಕಲಿಯಲು ನಮಗೆ ಒಂದು ವರ್ಷ ಹಿಡಿಯಿತು.

ನೂಲಿನ ವಿಷಯಕ್ಕೆ ಬಂದರೆ, ನಮ್ಮ ಕುರಿಗಳ ಉಣ್ಣೆ ಕಂಬಳಿಗೆ ಚೆನ್ನ. ಟೊಪ್ಪಿಗೆ ಮಾಡಿದರೆ ಹಣೆ ಚುಚ್ಚುತ್ತದೆ. ಹತ್ತಿ ಹಾಗಲ್ಲ. ಉದ್ದ ಎಳೆಯ ಡಿಸಿಎಚ್-32 ಅನ್ನುವ ಹತ್ತಿ ತಳಿಯನ್ನು ರೂಪಿಸಿ ಕೊಟ್ಟದ್ದು ನಮ್ಮ ಧಾರವಾಡದ ಕೃಷಿ ಸಂಶೋಧನೆಯೇ. ಆದರೂ ಕ್ರೋಶಾ ನೂಲನ್ನು ನಾವು ತಮಿಳುನಾಡಿನಿಂದ ತರಿಸುತ್ತೇವೆ. ಹತ್ತಿ ಬೆಳೆಯುವ ಊರಿನಲ್ಲಿ ಒಂದು ಉಂಡೆ ನೂಲು ಸಿಗದಿರುವುದು ನನಗೆ ಸರಿ ಕಾಣುವುದಿಲ್ಲ.

ಹತ್ತಿಯ ಬಿಸಿಲು ಟೊಪ್ಪಿಗೆಗೆ ಆಸ್ಟ್ರೇಲಿಯಾ ಒಳ್ಳೆಯ ಮಾರುಕಟ್ಟೆ. ಟೊಪ್ಪಿಗೆ ಇಲ್ಲದ ಮಗುವನ್ನು ಬಿಸಿಲಲ್ಲಿ ಆಡಲು ಬಿಡದ ಶಾಲೆಗಳು ಅಲ್ಲಿ ಎಷ್ಟೋ ಇವೆ. ಆ ದೇಶದ ಜೊತೆಗಿನ ವ್ಯಾಪಾರ ಒಪ್ಪಂದ 2022ರ ಡಿಸೆಂಬರ್‌ನಿಂದ ಜಾರಿಯಲ್ಲಿದೆ. ಅಮೆರಿಕ 2025ರ ಆಗಸ್ಟ್‌ನಲ್ಲಿ ನಮ್ಮ ಬಹಳಷ್ಟು ಸರಕಿನ ಮೇಲಿನ ಸುಂಕವನ್ನು ಶೇಕಡಾ 50ಕ್ಕೆ ಏರಿಸಿದಾಗ ಗೊತ್ತಾಯಿತು, ಒಂದೇ ದೇಶವನ್ನು ನೆಚ್ಚಿ ಕೂರುವುದು ಎಷ್ಟು ಅಪಾಯ ಅಂತ. ಮಕ್ಕಳ ಟೊಪ್ಪಿಗೆಯಾದರೆ ಬಣ್ಣದ ಬಗ್ಗೆ ಜಾಸ್ತಿ ಎಚ್ಚರ ಬೇಕು. ಅಜೋ ಅನ್ನುವ ಕೃತಕ ಬಣ್ಣಗಳಲ್ಲಿ ಕೆಲವಕ್ಕೆ ಯುರೋಪಿನಲ್ಲಿ ನಿಷೇಧವಿದೆ. ನೂಲು ಕೊಳ್ಳುವಾಗಲೇ ಪರೀಕ್ಷೆಯ ಚೀಟಿ ಕೇಳಿ ಪಡೆಯಿರಿ.

ಕಳಿಸುವುದು ಮೊದಲಿನಷ್ಟು ಕಷ್ಟವಿಲ್ಲ. ಹೊರದೇಶಕ್ಕೆ ಮಾರಲು ಬೇಕಾದ ಆಮದು ರಫ್ತು ಕೋಡ್ ಆನ್‌ಲೈನ್‌ನಲ್ಲೇ ಸಿಗುತ್ತದೆ, ಶುಲ್ಕ 500 ರೂಪಾಯಿ. ಸಣ್ಣ ಪಾರ್ಸೆಲ್‌ಗಳಿಗೆ ಅಂಚೆ ಇಲಾಖೆಯ ಡಾಕ್ ಘರ್ ನಿರ್ಯಾತ್ ಕೇಂದ್ರಗಳಿವೆ. ಕೊರಿಯರ್‌ನಲ್ಲಿ ಮಾತ್ರ ಡಬ್ಬಿಯ ಗಾತ್ರ ನೋಡಿಕೊಳ್ಳಿ. ಸೆಂಟಿಮೀಟರಿನಲ್ಲಿ ಉದ್ದ, ಅಗಲ, ಎತ್ತರ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸಿ, ಬಂದದ್ದನ್ನು ಕಿಲೋ ಅಂತ ಹಿಡಿಯುತ್ತಾರೆ. 40, 30, 30 ಸೆಂಟಿಮೀಟರಿನ ಡಬ್ಬಿಯಲ್ಲಿ ಎರಡು ಕಿಲೋ ಟೊಪ್ಪಿಗೆ ಇದ್ದರೂ 7.2 ಕಿಲೋದ ದುಡ್ಡು ಬೀಳುತ್ತದೆ. ಅದಕ್ಕೇ ನಾವು ಅಂಚು ಮೆತ್ತಗಿರುವ, ಮಡಚಿಡಬಹುದಾದ ಟೊಪ್ಪಿಗೆಯನ್ನೇ ಹೆಣೆಯುತ್ತೇವೆ.

ಕೊನೆಯದಾಗಿ ಕಾಲದ ಲೆಕ್ಕ. ಯುರೋಪಿನ ಅಂಗಡಿಗೆ ಚಳಿಗಾಲದ ಟೊಪ್ಪಿಗೆ ಸೆಪ್ಟೆಂಬರ್‌ನಲ್ಲೇ ಬಂದಿರಬೇಕು. ಅಂದರೆ ಯುಗಾದಿಯ ಹೊತ್ತಿಗೆ ನಮ್ಮ ಮಾದರಿ ಒಪ್ಪಿಗೆಯಾಗಿರಬೇಕು. ಆಮೇಲೆ ಏಪ್ರಿಲ್, ಮೇ ಪೂರ್ತಿ ಹೆಣಿಗೆ. ಹೊರಗೆ ರಣಬಿಸಿಲು, ತೊಡೆಯ ಮೇಲೆ ಉಣ್ಣೆ, ಅಂಗೈ ಬೆವೆತು ಸೂಜಿ ಜಾರುತ್ತದೆ. ಅದಕ್ಕೇ ಆ ಎರಡು ತಿಂಗಳು ಮಧ್ಯಾಹ್ನ ಬಿಟ್ಟು, ಬೆಳಗ್ಗೆ ಆರಕ್ಕೇ ಕೂತು ಒಂಬತ್ತಕ್ಕೆ ಏಳುತ್ತೇವೆ. ಆ ಮೂರು ತಾಸಿನ ಕೂಲಿಯನ್ನೂ ಈಗ ಬೆಲೆಯ ಚೀಟಿಯಲ್ಲಿ ಬರೆಯುತ್ತೇವೆ.

ನಮಸ್ಕಾರ.